ಎಣ್ಣೆ ಬೇಡದ ಬುಷ್: ಎಪಾಕ್ಸಿಗೆ ಗ್ರ್ಯಾಫೈಟ್ ಬೆರೆಸಿ ಮಾಡಿದ ಕೆಲಸದ ದಾಖಲೆ

ಕೆಲಸ ಇಷ್ಟು. ಪವರ್‌ಲೂಮಿನ ಮೇಲೆ ಕೂತಿರುವ, ವಿನ್ಯಾಸಕ್ಕೆ ಹಾಸಿನ (ಉದ್ದ ಎಳೆಗಳ) ನೂಲು ಎತ್ತುವ ಜಕಾರ್ಡ್‌ನ ಲಿವರ್ ಶಾಫ್ಟಿಗೆ ಎಣ್ಣೆ ಹಾಕದೆ ಓಡುವ ಬುಷ್ ಬೇಕು. ಬುಷ್ ಅಂದರೆ ಶಾಫ್ಟ್ ಒಳಗೆ ಕೂತು ಆಡುವ ಕೊಳವೆ. ಶಾಫ್ಟ್ 25 ಮಿ.ಮೀ., ಬುಷ್‌ನ ಹೊರವ್ಯಾಸ 35, ಉದ್ದ 40. ಶಾಫ್ಟ್ ಪೂರ್ತಿ ತಿರುಗುವುದಿಲ್ಲ, ಅತ್ತಿತ್ತ ಆಡುತ್ತದೆ ಅಷ್ಟೇ. ಭಾರ ಕಡಿಮೆ, ವೇಗವೂ ಕಡಿಮೆ. ಈಗಿರುವ ಗನ್‌ಮೆಟಲ್ ಬುಷ್‌ನಲ್ಲಿ ಸವೆತದ ದೂರೇನಿಲ್ಲ. ದೂರು ಎಣ್ಣೆಯದು. ಜಕಾರ್ಡ್ ಇರುವುದೇ ಹಾಸಿನ ನೆತ್ತಿಯ ಮೇಲೆ, ಬುಷ್‌ನಿಂದ ಜಾರಿದ ಹನಿ ನೇರ ರೇಷ್ಮೆ ನೂಲಿನ ಮೇಲೆ.

ಮಗ್ಗ ಬೆಳಗಾವಿ ವಡಗಾವಿಯ ಒಬ್ಬ ಹಿರಿಯ ನೇಕಾರರದು, ನಾನು ಕಾಕಾ ಅಂತಲೇ ಕರೆಯುವವರು. ನನ್ನ ಲೇತ್ ಅದೇ ಊರಿನ ಉದ್ಯಮಬಾಗದಲ್ಲಿ. "ಒಂದ್ ಹನಿ ಬಿದ್ರ ಸಾಕ್ ತಮ್ಮಾ, ಸೀರಿ ಹೊಳ್ಳಿ ಬರ್ತೈತಿ. ರೊಕ್ಕಾ ಮುರ್ಕೊಂಡ ಕೊಡ್ತಾರ" ಅನ್ನುವುದು ಅವರ ಮಾತು.

ಅವರು ಮೊದಲು ನೈಲಾನ್ ಬುಷ್ ಹಾಕಿ ನೋಡಿದ್ದರು. ಬೇಸಿಗೆಯಲ್ಲಿ ಓಡಿತು, ಮಳೆ ಹಿಡಿದ ಮೇಲೆ ಶಾಫ್ಟನ್ನೇ ಹಿಡಿದುಕೊಂಡಿತು. ನೈಲಾನ್ 6 ನೀರು ಕುಡಿಯುವ ವಸ್ತು, ನೆನೆಹಾಕಿದರೆ ತನ್ನ ತೂಕದ ಸುಮಾರು ನೂರಕ್ಕೆ 9ರಷ್ಟು ಹೀರುತ್ತದೆ. ಗಾಳಿಯ ತೇವವೊಂದಕ್ಕೇ ಬೋರ್ (ಒಳತೂತು) ಬಿಗಿಯಾಗುವಷ್ಟು ಉಬ್ಬುತ್ತದೆ. ಟೆಫ್ಲಾನ್ ಜಾರುತ್ತದೆ, ಆದರೆ ಭಾರ ಬಿದ್ದ ಕಡೆ ಮೆಲ್ಲಗೆ ಹರಿದು ಆಕಾರ ಕೆಡಿಸಿಕೊಳ್ಳುತ್ತದೆ. ಎಣ್ಣೆ ಕುಡಿಸಿದ ಸಿಂಟರ್ಡ್ (ಪುಡಿ ಒತ್ತಿ ಕಾಯಿಸಿ ಮಾಡಿದ) ಕಂಚಿನ ಬುಷ್ ಸಿಗುತ್ತದೆ, ಆದರೆ ಅದರೊಳಗೂ ಎಣ್ಣೆಯೇ. ಹಾಗಾಗಿ ಎಪಾಕ್ಸಿ (ರೆಸಿನ್, ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಮತ್ತು ಗ್ರ್ಯಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲ). ಇದು ಹೊಸ ವಿದ್ಯೆಯಲ್ಲ. ದೋಣಿ ಕಟ್ಟುವವರು ಚುಕ್ಕಾಣಿಗೆ, ತಳಕ್ಕೆ ಗ್ರ್ಯಾಫೈಟ್ ಬೆರೆಸಿದ ಎಪಾಕ್ಸಿ ಬಳಿಯುವುದು ಹಳೆಯ ರೂಢಿ.

ಹಂತ 1: ಪುಡಿ ಯಾವುದು

ಬೆಳಗಾವಿಯಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಅಚ್ಚಿಗೆ ಬಳಿಯುವ ಗ್ರ್ಯಾಫೈಟ್ ಪುಡಿ ಕಿಲೋಗಟ್ಟಲೆ ಸಿಗುತ್ತದೆ. ಅದನ್ನೇ ತಂದು ಮೊದಲ ಬುಷ್ ಎರಕ ಹೊಯ್ದೆ. ನೋಡಲು ಚಂದ, ಒಳಗೆಲ್ಲ ಕಪ್ಪು ಹೊಳಪು. ಪರೀಕ್ಷೆಗೆ ಓಡಿಸಿದ ಶಾಫ್ಟ್ ಮೇಲೆ ಮಾತ್ರ ಉಗುರಿಗೆ ಸಿಗುವಂಥ ಗೀರುಗಳು.

ಕಾರಣ ಬೂದಿ. ಅಚ್ಚಿಗೆ ಬಳಿಯುವ ಪುಡಿಯಲ್ಲಿ ಮಣ್ಣು, ಮರಳಿನ ಅಂಶ ಇದ್ದರೆ ಫೌಂಡ್ರಿಯವರಿಗೆ ತೊಂದರೆಯಿಲ್ಲ, ಬುಷ್‌ಗೆ ಅದೇ ಎಮರಿ. ಪರಿಚಯದ ಫೌಂಡ್ರಿಯ ಲ್ಯಾಬಿನಲ್ಲಿ ಮಫಲ್ ಫರ್ನೇಸ್ ಇತ್ತು. ಚಿಕ್ಕ ಮೂಸೆಯಲ್ಲಿ 2 ಗ್ರಾಂ ಪುಡಿ ತೂಗಿ 900 ಡಿಗ್ರಿಯಲ್ಲಿ, ಕಪ್ಪು ಬಣ್ಣ ಪೂರ್ತಿ ಹೋಗುವ ತನಕ ಸುಟ್ಟೆ. ಗ್ರ್ಯಾಫೈಟ್ ಬೇಗ ಸುಡುವುದಿಲ್ಲ, ತಾಳ್ಮೆ ಬೇಕು. ತಳದಲ್ಲಿ ಕಾಲು ಗ್ರಾಮಿಗಿಂತ ಹೆಚ್ಚು ಕಂದು ಬೂದಿ ಉಳಿಯಿತು, ಅಂದರೆ ನೂರಕ್ಕೆ ಹನ್ನೆರಡಕ್ಕೂ ಮೇಲೆ. ಆಮೇಲೆ ತರಿಸಿದ್ದು ಚೀಲದ ಮೇಲೆ ಇಂಗಾಲ 98% ಎಂದು ಬರೆದಿದ್ದ, 300 ಮೆಶ್‌ನ ಹಾಳೆಪದರದ ಪುಡಿ. ಅದನ್ನೂ ಸುಟ್ಟು ನೋಡಿದೆ, ಬರೆದದ್ದು ನಿಜವಿತ್ತು. ಕಿಲೋಗೆ 240 ರೂಪಾಯಿ. ಪುಡಿ ಕೊಳ್ಳುವಾಗ ಮೆಶ್ ಕೇಳುವವರು ಬಹಳ, ಬೂದಿ ಎಷ್ಟು ಎಂದು ಕೇಳುವವರು ಕಡಿಮೆ. ಬುಷ್ ಮಾಡುವುದಾದರೆ ಮೊದಲು ಬೂದಿ ಕೇಳಿ.

ಬಳಸುವ ಮೊದಲು ಪುಡಿಯನ್ನು ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸುತ್ತೇನೆ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಎರಕದ ಮೇಲೆ ಜಿಡ್ಡಿನ ಪೊರೆ ಬರುತ್ತದೆ.

ಹಂತ 2: ಅಳತೆ

ರೆಸಿನ್ ಎಲ್-12, ಹಾರ್ಡನರ್ ಕೆ-6. ಕೋಣೆಯ ಶಾಖದಲ್ಲೇ ಗಟ್ಟಿಯಾಗುವ ಜೋಡಿ. ತೂಕದಲ್ಲಿ 100 ರೆಸಿನ್‌ಗೆ 10 ಹಾರ್ಡನರ್.

ಇಲ್ಲಿ ಲೆಕ್ಕ ತಪ್ಪುವುದು ಸುಲಭ. ಹಾರ್ಡನರ್ ಲೆಕ್ಕ ರೆಸಿನ್ ಮೇಲೆ ಮಾತ್ರ, ಪುಡಿ ಸೇರಿದ ಒಟ್ಟು ತೂಕದ ಮೇಲಲ್ಲ. ನೂರಕ್ಕೆ 20 ಗ್ರ್ಯಾಫೈಟ್ ಇರುವ 100 ಗ್ರಾಂ ಮಿಶ್ರಣಕ್ಕೆ ರೆಸಿನ್ 72.7 ಗ್ರಾಂ, ಹಾರ್ಡನರ್ 7.3, ಗ್ರ್ಯಾಫೈಟ್ 20. ಕಪ್ಪಿನಲ್ಲಿ ಇರುವ ಕಪ್ಪು ರಾಡಿಯನ್ನೇ ತೂಗಿ ಹತ್ತನೇ ಒಂದು ಹಾಕಿದರೆ ಹಾರ್ಡನರ್ ಬೇಕಾದದ್ದಕ್ಕಿಂತ ಕಾಲುಭಾಗಕ್ಕೂ ಮೇಲೆ ಹೆಚ್ಚಾಗುತ್ತದೆ. ಅಂಗಡಿಯ ಹುಡುಗ ಹಾಗೆ ಬೆರೆಸಿ ಪರೀಕ್ಷೆಗೆ ಹೊಯ್ದ ಒಂದು ಕಂತಿನ ಪಟ್ಟಿಗಳು ಮರುದಿನವೂ ಬೆರಳಿಗೆ ಬಾಗುತ್ತಿದ್ದವು. ಆಮೇಲಿಂದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಈ ಮೂರು ಅಂಕಿ ಬರೆದಿಟ್ಟಿದ್ದೇನೆ.

ಪೆನ್ಸಿಲ್ ಕಡ್ಡಿಯೊಳಗಿನ ಪದರ, ಗ್ರ್ಯಾಫೀನ್, ಉಕ್ಕಿಗಿಂತ ಗಟ್ಟಿ, 2010ರಲ್ಲಿ ಅದಕ್ಕೆ ನೊಬೆಲ್ ಬಂತು ಎಂದು ಎಲ್ಲರೂ ಓದಿರುತ್ತೇವೆ. ಅದು ಬಿಡಿಬಿಡಿಯಾದ ಒಂದೇ ಪದರದ ಮಾತು. ಚೀಲದಲ್ಲಿ ಬರುವ ಪುಡಿಯಲ್ಲಿ ಸಾವಿರಾರು ಪದರಗಳು ಒಂದರ ಮೇಲೊಂದು ಕೂತಿರುತ್ತವೆ, ಮುಟ್ಟಿದರೆ ಜಾರುತ್ತವೆ. ಬುಷ್‌ಗೆ ಆ ಜಾರುವಿಕೆಯೇ ಬೇಕು. ಅದೇ ಪುಡಿ ಗಟ್ಟಿತನವನ್ನೂ ಕೊಡುತ್ತದೋ ಎಂದು ತಿಳಿಯಲು ಪಟ್ಟಿ ಎರಕ ಹೊಯ್ದು ಮುರಿದು ನೋಡಿದೆ.

ಹಂತ 3: ಬಕೆಟ್ ಪರೀಕ್ಷೆ

ಕಾಲೇಜಿನ ಲ್ಯಾಬಿಗೆ ಅಲೆದಾಡುವ ಬದಲು ಅಂಗಡಿಯಲ್ಲೇ ವ್ಯವಸ್ಥೆ ಮಾಡಿಕೊಂಡೆ. ಪಟ್ಟಿಯ ಅಳತೆ 80 × 10 × 4 ಮಿ.ಮೀ. ಎರಡು 10 ಮಿ.ಮೀ. ಸರಳುಗಳನ್ನು ನಡುಅಂತರ 64 ಮಿ.ಮೀ. ಇರುವಂತೆ ಬೆಂಚಿಗೆ ವೆಲ್ಡ್ ಮಾಡಿ, ಪಟ್ಟಿಯನ್ನು ಅಡ್ಡ ಇಟ್ಟು, ನಡುವಿಗೆ ಕೊಕ್ಕೆ ಹಾಕಿ ಕೆಳಗೆ ಬಕೆಟ್ ತೂಗಿಬಿಟ್ಟೆ. ಮಗ್ಗಿನಿಂದ ನೀರು ಸುರಿಯುತ್ತ ಹೋಗುವುದು. ಒಟ್ಟು 5 ಕಿಲೋ ತೂಗಿದಾಗ ಡಯಲ್ ಗೇಜ್‌ನಲ್ಲಿ ಬಾಗು ಓದುವುದು, ಪಟ್ಟಿ ಮುರಿದ ಮೇಲೆ ಬಕೆಟ್ ತೂಗುವುದು. ಬಕೆಟ್ ಕೆಳಗೆ ಗೋಣಿಚೀಲ ಹಾಸಿ, ಇಲ್ಲವಾದರೆ ಅಂಗಡಿ ತುಂಬ ನೀರು.

ಬರೀ ಎಪಾಕ್ಸಿ ಪಟ್ಟಿಗಳು 14 ಕಿಲೋ ಸುತ್ತಮುತ್ತ ಮುರಿದವು, 5 ಕಿಲೋಗೆ ಬಾಗು 1.7 ಮಿ.ಮೀ. ನೂರಕ್ಕೆ 10 ಗ್ರ್ಯಾಫೈಟ್ ಹಾಕಿದವು 1.4 ಮಾತ್ರ ಬಾಗಿದವು, ಮುರಿದದ್ದು ಹತ್ತೂವರೆ ಕಿಲೋಗೆ. 20 ಹಾಕಿದವು 1.1 ಆಸುಪಾಸು ಬಾಗಿದವು, ಆದರೆ ಆರೂವರೆ ಕಿಲೋಗೇ ಟಪ್ ಎಂದವು.

ಅಂದರೆ ಬಾಗದಿರುವ ಗುಣ ಏರುತ್ತ ಹೋಯಿತು, ಮುರಿಯದಿರುವ ಗುಣ ಇಳಿಯುತ್ತ ಬಂತು. ಬಿರುಸು ಮತ್ತು ಬಲ ಎರಡೂ ಒಂದೇ ಅಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ಬಕೆಟ್ ತೋರಿಸಿಕೊಟ್ಟಿತು. ಆದರೂ 20ರ ಪಟ್ಟಿ ಆರೂವರೆಗೇ ಹೋದದ್ದು ಅತಿಯಾಯಿತು ಎನ್ನಿಸಿತು. ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಮೊನೆ ಗಾತ್ರದ ತೂತುಗಳು ಎಲ್ಲೆಲ್ಲೂ.

ಹಂತ 4: ಗಾಳಿ ತೆಗೆಯುವುದು

ತೂತು ಎಷ್ಟಿದೆ ಎಂದು ತಿಳಿಯಲು ಸುಲಭದ ದಾರಿ ತಕ್ಕಡಿ. ಗಟ್ಟಿಯಾದ ಎಪಾಕ್ಸಿಯ ಸಾಂದ್ರತೆ ನನ್ನ ಅಳತೆಯಲ್ಲಿ 1.18, ಗ್ರ್ಯಾಫೈಟ್‌ದು 2.25. ನೂರಕ್ಕೆ 20ರ ಮಿಶ್ರಣ 1.30 ಬರಬೇಕು. ನನ್ನ ಪಟ್ಟಿ ಘನ ಸೆಂ.ಮೀ.ಗೆ 1.21 ಗ್ರಾಂ ತೂಗಿತು. ಅಂದರೆ ನೂರಕ್ಕೆ ಏಳರಷ್ಟು ಬರೀ ಗಾಳಿ. ಡ್ರಿಲ್ ಮಷೀನಿಗೆ ಪೇಂಟ್ ಕಲಕುವ ಕಡ್ಡಿ ಸಿಕ್ಕಿಸಿ ಜೋರಾಗಿ ತಿರುಗಿಸಿದ್ದರ ಫಲ ಅದು. ಮಿಶ್ರಣ ಕಪ್ಪಗಿರುವುದರಿಂದ ಗುಳ್ಳೆ ಕಣ್ಣಿಗೆ ಕಾಣುವುದೂ ಇಲ್ಲ.

ಕ್ರಮ ಬದಲಾಯಿಸಿದೆ. ಹಾರ್ಡನರ್ ಇಲ್ಲದ ರೆಸಿನ್ನನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 55-60 ಡಿಗ್ರಿಗೆ ತಂದರೆ ಎಣ್ಣೆಯ ಹಾಗೆ ತೆಳ್ಳಗಾಗುತ್ತದೆ. ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ, ಚಪ್ಪಟೆ ಪಟ್ಟಿಯಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿಕ್ಕಬೇಕು. ಗಂಟು ಒಡೆಯುವುದು ಒತ್ತುವುದರಿಂದ, ಗಿರ್ರನೆ ತಿರುಗಿಸುವುದರಿಂದಲ್ಲ. ಅರ್ಧ ಗಂಟೆ ತಿಕ್ಕಿ, ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಹಾರ್ಡನರ್. ಬಿಸಿ ಇರುವಾಗಲೇ ಹಾರ್ಡನರ್ ಹಾಕಿದರೆ ಕಪ್ಪಿನಲ್ಲೇ ಹೊಗೆ ಎದ್ದು ಕಲ್ಲಾಗುತ್ತದೆ.

ನಿರ್ವಾತಕ್ಕೆ ಗುಜರಿಯಿಂದ ತಂದ ಫ್ರಿಜ್ ಕಂಪ್ರೆಸರ್, 800 ರೂಪಾಯಿ. ಪಾತ್ರೆ ಹಳೆಯ ಪ್ರೆಷರ್ ಕುಕ್ಕರ್, ಮುಚ್ಚಳಕ್ಕೆ 15 ಮಿ.ಮೀ. ಅಕ್ರಿಲಿಕ್ ಹಾಳೆ, ನಡುವೆ ಸಿಲಿಕೋನ್ ರಬ್ಬರ್. ಗೇಜ್ 650 ಮಿ.ಮೀ. ಪಾದರಸಕ್ಕೆ ನಿಂತುಬಿಟ್ಟಿತು. ಸಮುದ್ರಮಟ್ಟದ 760 ಏಕೆ ಬರುತ್ತಿಲ್ಲ ಎಂದು ಸೋರಿಕೆ ಹುಡುಕುತ್ತ ಕೂರಬೇಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಇಲ್ಲಿ ಗಾಳಿಯ ಒತ್ತಡವೇ 695ರ ಹತ್ತಿರ. 650 ಬಂದರೆ ಕೆಲಸಕ್ಕೆ ಸಾಕು. ಮಿಶ್ರಣ ಹಾಲಿನಂತೆ ಉಕ್ಕುತ್ತದೆ, ಕಪ್ಪಿನ ಕಾಲುಭಾಗಕ್ಕಿಂತ ಹೆಚ್ಚು ತುಂಬಿದರೆ ಕುಕ್ಕರ್ ತೊಳೆಯುವ ಕೆಲಸ ಸಿಗುತ್ತದೆ. ಉಕ್ಕಿ, ಕುಸಿದು, ಗುಳ್ಳೆ ಅಲ್ಲೊಂದು ಇಲ್ಲೊಂದು ಆಗುವ ತನಕ ಎಳೆಯಬೇಕು. ಹಾರ್ಡನರ್ ಬಿದ್ದ ಮೇಲೆ ಕೈಯಲ್ಲಿರುವುದು ಅರ್ಧ ಗಂಟೆ ಮಾತ್ರ. ಆದ್ದರಿಂದ ಹಾರ್ಡನರ್‌ಗೆ ಮೊದಲು ಒಂದು ಸಲ ನಿಧಾನವಾಗಿ, ಆಮೇಲೆ ಒಂದು ಸಲ ಐದೇ ನಿಮಿಷ.

ಇದರ ನಂತರದ 20ರ ಪಟ್ಟಿಗಳು 1.29 ತೂಗಿದವು, ಒಂಬತ್ತು ಕಿಲೋ ತಡೆದವು. ಪುಡಿಯ ಪ್ರಮಾಣ ಅದೇ, ಬಾಗು ಇನ್ನೂ ಸ್ವಲ್ಪ ಕಡಿಮೆ. ಬೇರೆ ಬೇರೆ ಪ್ರಮಾಣ ಹಾಕಿ ತಲೆಕೆಡಿಸಿಕೊಂಡಿದ್ದಕ್ಕಿಂತ ಗಾಳಿ ತೆಗೆದದ್ದರಿಂದ ಸಿಕ್ಕ ಲಾಭ ದೊಡ್ಡದು.

ಪುಡಿ ತಳಕ್ಕೆ ಇಳಿಯುವ ಸಮಸ್ಯೆ ಬೇರೆ. ಗಾಳಿ ತೆಗೆದ ಮಿಶ್ರಣದಲ್ಲಿ ನಿಂತಲ್ಲೇ ಗಟ್ಟಿಯಾದ ಬುಷ್ ಒಂದನ್ನು ಅಡ್ಡ ಕತ್ತರಿಸಿ ಎರಡೂ ತುಂಡು ತೂಗಿದರೆ ಕೆಳಗಿನದು ಭಾರ, ಮೇಲಿನದು ಹಗುರ. ಮಗ್ಗದಲ್ಲಿ ಹಾಕಿದ್ದರೆ ಒಂದು ತುದಿ ಬೇಗ ಸವೆಯುತ್ತಿತ್ತು.

ಹಂತ 5: ಹಿಗ್ಗಿಸಿದ ಗ್ರ್ಯಾಫೈಟ್, ಕೈಬಿಟ್ಟ ದಾರಿ

ಆಮ್ಲ ಕುಡಿಸಿದ ಗ್ರ್ಯಾಫೈಟ್ ಬಿಸಿ ತಾಗಿದರೆ ಹುರಿದ ಅರಳಿನಂತೆ ನೂರಾರು ಪಟ್ಟು ಅರಳುತ್ತದೆ. ಪದರ ತೆಳ್ಳಗಾದರೆ ಬಲ ಹೆಚ್ಚೀತು ಎಂಬ ಆಸೆ. ಬೆಂಕಿತಡೆಗೆ ಮಾರುವ ಈ ಪುಡಿಯನ್ನು ಸ್ವಲ್ಪ ತರಿಸಿ, ಗುಜರಿಗೆ ಹಾಕಬೇಕಿದ್ದ ಮೈಕ್ರೋವೇವ್ ಒಲೆಯನ್ನು ಅಂಗಳದಲ್ಲಿಟ್ಟು ಚಮಚದಷ್ಟು ಕಾಯಿಸಿದೆ. ಕಿಡಿ ಹಾರಿ ಪುಸ್ಸೆಂದು ಅರಳಿತು. ಜೊತೆಗೆ ಗಂಧಕದ ಹೊಗೆ, ಕಣ್ಣು ಮೂಗು ಉರಿ. ಮನೆಯೊಳಗೆ, ಅಡುಗೆಯ ಒಲೆಯಲ್ಲಿ ಇದನ್ನು ಮಾಡಲೇಬೇಡಿ.

ನೂರಕ್ಕೆ 2 ಹಾಕುವಷ್ಟರಲ್ಲಿ ರೆಸಿನ್ ಕಣಕದ ಹಿಟ್ಟಿನಂತಾಯಿತು. ಕುಕ್ಕರಿನಲ್ಲಿ ಎಷ್ಟು ಎಳೆದರೂ ಗುಳ್ಳೆ ಬಿಡಲಿಲ್ಲ. ಮಲ್ಟಿಮೀಟರ್ ಇಟ್ಟರೆ ವಿದ್ಯುತ್ ಹಾಯುತ್ತಿತ್ತು, ಅದು ಮೋಜಿನ ವಿಷಯವೇ, ಆದರೆ ಜಕಾರ್ಡ್‌ಗೆ ಅದರಿಂದ ಏನೂ ಆಗಬೇಕಿಲ್ಲ. ಬಕೆಟ್ ಪರೀಕ್ಷೆಯಲ್ಲಿ ಬರೀ ಎಪಾಕ್ಸಿಗಿಂತ ಕೆಳಗೇ ಉಳಿಯಿತು. ಗಂಟು ಅರೆಯುವ ಮೂರು ರೋಲಿನ ಮಿಲ್ ಇದ್ದವರಿಗೆ ಬೇರೆ ಫಲ ಸಿಗಬಹುದು. ನನ್ನ ಅಂಗಡಿಗೆ ಇದು ಆಗುವ ಕೆಲಸವಲ್ಲ.

ಹಂತ 6: ಓಡಿಸಿ ನೋಡುವುದು

ಪಿಲ್ಲರ್ ಡ್ರಿಲ್ಲಿಗೆ 25 ಮಿ.ಮೀ. ಶಾಫ್ಟ್ ತುಂಡು ಹಿಡಿಸಿ, ನಿಮಿಷಕ್ಕೆ 300 ಸುತ್ತಿನಲ್ಲಿ, ಕಪ್ಪಿಯ ಮೇಲಿಂದ ಹಗ್ಗಕ್ಕೆ 10 ಕಿಲೋ ಕಟ್ಟಿ ಪಕ್ಕಕ್ಕೆಳೆದು ಓಡಿಸಿದೆ. ಬರೀ ಎಪಾಕ್ಸಿ ಬುಷ್ ಕೆಲವೇ ನಿಮಿಷದಲ್ಲಿ ಕಾದು, ಮೆತ್ತಗಾಗಿ, ಶಾಫ್ಟ್ ಹಿಡಿಯಿತು. ನೂರಕ್ಕೆ 10ರದ್ದು ಕಿರುಗುಟ್ಟಿತು. 20ರದ್ದು ಸದ್ದಿಲ್ಲದೆ ಓಡಿತು, ಕೈಗೆ ಉಗುರುಬೆಚ್ಚಗೆ ಮಾತ್ರ. 30ರದ್ದು ಜಾರುವುದರಲ್ಲಿ ಇನ್ನೂ ಚೆನ್ನ, ಆದರೆ ತೂಕ ಬೇಗ ಇಳಿಯುತ್ತಿತ್ತು, ಹಿಡಿದಿಡುವ ರೆಸಿನ್ ಸಾಲದೆ ಪುಡಿಯೇ ಉದುರುತ್ತಿತ್ತು. ಹಾಗಾಗಿ 20.

ಶಾಫ್ಟನ್ನು 400, ಆಮೇಲೆ 800ರ ಎಮರಿ ಪೇಪರಿನಲ್ಲಿ ತಿಕ್ಕಿರಬೇಕು. ಒರಟು ಶಾಫ್ಟ್ ಮೇಲೆ ಯಾವ ಮಿಶ್ರಣವೂ ಬಾಳಲಿಲ್ಲ. ಸ್ವಲ್ಪ ಹೊತ್ತು ಓಡಿದ ಮೇಲೆ ಶಾಫ್ಟ್ ಮೇಲೆ ಬೂದುಗಪ್ಪು ಹೊಳಪು ಕೂರುತ್ತದೆ, ಅದನ್ನು ಒರೆಸಿ ತೆಗೆಯಬಾರದು. ಬುಷ್ ಜಾರುವುದು ಆ ಪೊರೆಯ ಮೇಲೆ.

ಆಯಿತು ಅಂದುಕೊಂಡು ಬುಷ್ಷನ್ನು ಅದು ಕೂರುವ ಹೌಸಿಂಗಿಗೆ 0.05 ಮಿ.ಮೀ. ಬಿಗಿಯಲ್ಲಿ (ತೂತಿಗಿಂತ ಬುಷ್ ಅಷ್ಟು ದೊಡ್ಡದು) ಪ್ರೆಸ್ ಮಾಡಿದರೆ ಉದ್ದಕ್ಕೂ ಸೀಳಿತು. ಬಕೆಟ್ ಹೇಳಿದ್ದೂ ಅದನ್ನೇ.

ಹಂತ 7: ಎರಡು ಪದರದ ಬುಷ್

ಗ್ರ್ಯಾಫೈಟ್ ಜಾರಲಿಕ್ಕೆ, ಬಲಕ್ಕೆ ಗಾಜಿನ ನಾರು. ಹೀಗೆ ಕೆಲಸ ಹಂಚಿದ ಮೇಲೆ ಎಲ್ಲ ಸಲೀಸಾಯಿತು.

ಪಾಲಿಶ್ ಮಾಡಿದ 25 ಮಿ.ಮೀ. ಬ್ರೈಟ್ ಬಾರ್‌ಗೆ ಮೇಣ ಮೂರು ಕೈ, ಮೇಲೆ ಅಂಟದಂತೆ ತಡೆಯುವ ಪಿವಿಎ ಒಂದು ಕೈ. ಬಾರ್ ಅನ್ನು ಅಡ್ಡ ಮಲಗಿಸಿ, ಕಾರಿನ ವೈಪರ್ ಮೋಟಾರಿನಿಂದ ಮೆಲ್ಲಗೆ ತಿರುಗಿಸುತ್ತ, 20ರ ಮಿಶ್ರಣವನ್ನು ಎರಡೂವರೆ ಮಿ.ಮೀ. ದಪ್ಪಕ್ಕೆ ಬಳಿಯುವುದು. ಬಳಿದದ್ದು ಇಳಿದು ಹರಿಯದಿರಲು ಮಿಶ್ರಣಕ್ಕೆ ಫ್ಯೂಮ್ಡ್ ಸಿಲಿಕಾ (ಮಂದಗೊಳಿಸುವ ನಯವಾದ ಪುಡಿ) ನೂರಕ್ಕೆ ಒಂದರಷ್ಟು. ಬಳಿದ ಮೇಲೆ ಹೀಟ್ ಗನ್ ಒಂದು ಸಲ ದೂರದಿಂದ ಆಡಿಸಿದರೆ ಮೇಲಿನ ಗುಳ್ಳೆ ಒಡೆಯುತ್ತವೆ. ತಿರುಗುತ್ತಲೇ ಗಟ್ಟಿಯಾಗುವುದರಿಂದ ಪುಡಿ ತಳಕ್ಕಿಳಿಯುವ ಸಮಸ್ಯೆಯೂ ಇಲ್ಲ.

ಬೆರಳಿಟ್ಟರೆ ಅಂಟಬೇಕು, ಬೆರಳಿಗೆ ಕಪ್ಪು ಬರಬಾರದು. ಆ ಹದದಲ್ಲಿ 50 ಮಿ.ಮೀ. ಅಗಲದ ಗಾಜಿನ ಟೇಪನ್ನು ಬರೀ ಎಪಾಕ್ಸಿಯಲ್ಲಿ ನೆನೆಸಿ, ಎಳೆದು ಹಿಡಿದು, ಹೊರವ್ಯಾಸ 37 ದಾಟುವ ತನಕ ಸುತ್ತುವುದು. ಒಳಪದರವನ್ನು ರಾತ್ರಿಯಿಡೀ ಗಟ್ಟಿಯಾಗಲು ಬಿಟ್ಟು ಮರುದಿನ ಸುತ್ತಿದ್ದು ಲೇತ್ ಮೇಲೆ ಈರುಳ್ಳಿಯ ಸಿಪ್ಪೆಯಂತೆ ಎದ್ದುಬಂತು. ತಡವಾದರೆ ಮೊದಲು ಬಿಸಿನೀರಲ್ಲಿ ತೊಳೆದು, 80ರ ಎಮರಿಯಲ್ಲಿ ಉಜ್ಜಲೇಬೇಕು.

ಬಾರ್ ಹೊರಗೆ ಬರಲಿಲ್ಲ. ತಂಪಿಗೆ ಉಕ್ಕು ಕುಗ್ಗುತ್ತದಲ್ಲ ಎಂದು ಫ್ರೀಜರಿನಲ್ಲಿಟ್ಟರೆ ಇನ್ನೂ ಬಿಗಿ. ಎಪಾಕ್ಸಿ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗಿ ಕುಗ್ಗುವ ವಸ್ತು, ತಣ್ಣಗಾದಷ್ಟೂ ಉಕ್ಕನ್ನು ತಬ್ಬುತ್ತದೆ. ಉಪಾಯ ತಿರುಗಾಮುರುಗಾ: ಓವನ್ನಿನಲ್ಲಿ 80 ಡಿಗ್ರಿ. ಹೇಗೂ ಪೂರ್ತಿ ಗಟ್ಟಿಯಾಗಲು ಅಷ್ಟು ಶಾಖದಲ್ಲಿ ನಾಲ್ಕು ಗಂಟೆ ಇಡಬೇಕು. ಬಿಸಿ ಇರುವಾಗಲೇ ಪ್ರೆಸ್‌ನಲ್ಲಿ ಒತ್ತಿದರೆ ಬಾರ್ ಜಾರಿ ಬರುತ್ತದೆ.

ಹಂತ 8: ಲೇತ್

ಕಾರ್ಬೈಡ್ ಟೂಲ್ ಮಾತ್ರ. ಗಾಜಿನ ನಾರಿಗೆ ಎಚ್‌ಎಸ್‌ಎಸ್ ಟೂಲ್ ಒಂದು ಬುಷ್‌ಗೂ ಬಾಳುವುದಿಲ್ಲ. ಮುಖಕ್ಕೆ ಒಳ್ಳೆಯ ಮಾಸ್ಕ್, ತೋಳು ಮುಚ್ಚುವ ಅಂಗಿ. ಒಳಗಿನ ಕಪ್ಪು ದೂಳು ವಿದ್ಯುತ್ ಹಾಯಿಸುತ್ತದೆ, ಸ್ವಿಚ್ ಪೆಟ್ಟಿಗೆ, ಡ್ರೈವ್ ಪೆಟ್ಟಿಗೆ ಮುಚ್ಚಿಟ್ಟು ಕೆಲಸ ಮಾಡಿ. ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಬೋರ್‌ನ ಸಡಿಲ ಗನ್‌ಮೆಟಲ್ಲಿಗೆ ಕೊಡುವುದಕ್ಕಿಂತ ಹೆಚ್ಚಿರಬೇಕು, ಈ ಬುಷ್ ಕಾದರೆ ಹಿಗ್ಗುತ್ತದೆ, ಕಾವನ್ನು ಬೇಗ ಬಿಡುವುದಿಲ್ಲ. 25ರ ಶಾಫ್ಟಿಗೆ 0.12 ಇಟ್ಟೆ. ಅದೂ ಹೌಸಿಂಗಿಗೆ ಪ್ರೆಸ್ ಮಾಡಿದ ಮೇಲಿನ ಅಳತೆ, ಒತ್ತಿದಾಗ ಬೋರ್ ಸ್ವಲ್ಪ ಕುಗ್ಗುತ್ತದೆ. 0.05 ಬಿಗಿಯಲ್ಲಿ ಗಾಜು ಸುತ್ತಿದ ಬುಷ್ ತಂಟೆಯಿಲ್ಲದೆ ಕೂತಿತು.

ಹಂತ 9: ಮಗ್ಗದ ಮೇಲೆ

ಎಣ್ಣೆಯ ಕಲೆ ತಪ್ಪಿಸಲು ಹೋಗಿ ಕಪ್ಪು ದೂಳು ಉದುರಿಸಿದರೆ ಕಾಕಾ ಬಿಡುತ್ತಾರೆಯೇ? ಹೊಸ ಬುಷ್ ಮೊದಮೊದಲು ದೂಳು ಬಿಡುತ್ತದೆ. ಅದಕ್ಕೆ ಡ್ರಿಲ್ಲಿನ ಮೇಲೆ ಒಂದು ಪೂರ್ತಿ ದಿನ ಓಡಿಸಿ, ಬುಷ್‌ನ ಮುಖಗಳನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬೆಳ್ಳಗೇ ಉಳಿಯುವ ತನಕ ಮಗ್ಗಕ್ಕೆ ಏರಿಸಲಿಲ್ಲ. ಎರಡೂ ಬದಿಗೆ ಫೆಲ್ಟ್ ವಾಷರ್ ಕೊಟ್ಟೆ.

ಓಡಿದ್ದು ಚೆನ್ನಾಗಿ. ಆದರೆ ಮಗ್ಗ ಓಡಿಸುವ ಹುಡುಗ ರೂಢಿಬಲದಿಂದ ಬೆಳಿಗ್ಗೆ ಎಣ್ಣೆಕುಪ್ಪಿ ಹಿಡಿದು ಎಲ್ಲ ಬುಷ್‌ಗಳ ಜೊತೆ ಇದಕ್ಕೂ ಎರಡು ಹನಿ ಹಾಕಿದ. ಎಣ್ಣೆ, ಗ್ರ್ಯಾಫೈಟ್, ನೂಲಿನ ಜುಂಗು ಮೂರೂ ಸೇರಿ ಕಾಡಿಗೆಯಾಯಿತು. ಫೆಲ್ಟ್ ವಾಷರ್ ಹಿಡಿದುಕೊಂಡದ್ದರಿಂದ ಸೀರೆ ಉಳಿಯಿತು. ಬುಷ್ ಬಿಚ್ಚಿ, ಥಿನ್ನರಿನಲ್ಲಿ ಒರೆಸಿ, ಮತ್ತೆ ಡ್ರಿಲ್ಲಿಗೆ ಹಾಕಿ ಪೊರೆ ಕೂರಿಸಬೇಕಾಯಿತು. ಈಗ ಆ ಬುಷ್‌ಗಳ ಎಣ್ಣೆತೂತಿಗೆ ಎಂ-ಸೀಲ್ ತುಂಬಿ, ಹೌಸಿಂಗಿಗೆ ಕೆಂಪು ಬಣ್ಣ ಹಚ್ಚಿದ್ದೇವೆ.

ಖರ್ಚು

ರೆಸಿನ್-ಹಾರ್ಡನರ್ ಕಿಟ್ 1,100 ರೂ., ಗ್ರ್ಯಾಫೈಟ್ 240, ಮೇಣ ಮತ್ತು ಪಿವಿಎ 350, ಗಾಜಿನ ಟೇಪ್ 180, ಫ್ಯೂಮ್ಡ್ ಸಿಲಿಕಾ 150. ಕಂಪ್ರೆಸರ್, ಅಕ್ರಿಲಿಕ್, ಗೇಜ್ ಸೇರಿ 1,700. ಹಾಳಾದ ಕಂತುಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಒಂದು ಬುಷ್‌ಗೆ ಮಾಲು 60-70 ರೂಪಾಯಿ. ಅದೇ ಅಳತೆಯ ಗನ್‌ಮೆಟಲ್‌ಗೆ ಲೋಹವೇ ಮುನ್ನೂರರ ಆಸುಪಾಸು. ಆದರೆ ಗನ್‌ಮೆಟಲ್ ಬುಷ್ ಅರ್ಧ ಗಂಟೆಯ ಕೆಲಸ, ಇದು ಎರಡು ದಿನ ಕಣ್ಣಿಟ್ಟು ಕಾಯುವ ಕೆಲಸ. ಕೂಲಿ ಹಿಡಿದರೆ ಇದು ಅಗ್ಗವಲ್ಲ. ಎಣ್ಣೆ ಬೀಳಬಾರದ ಜಾಗಕ್ಕೆ ಮಾತ್ರ ಮಾಡಿಸಿಕೊಳ್ಳಿ ಎಂದೇ ನಾನು ಬಂದವರಿಗೆ ಹೇಳುವುದು.

ಈಗಿನ ಸ್ಥಿತಿ

ಹಾಸಿನ ಮೇಲೆ ಬರುವ ಎರಡು ಬುಷ್‌ಗಳು ಓಡುತ್ತಿವೆ. ಮೊನ್ನೆ ಬಿಚ್ಚಿ ಅಳೆದಾಗ ಸಡಿಲ 0.12 ಇದ್ದದ್ದು 0.15 ಆಗಿತ್ತು. 0.30 ಆದಾಗ ಬದಲಿಸುವುದು ಎಂದು ಮಾತಾಗಿದೆ. ಡ್ರೈವ್ ಕಡೆಯ ಬುಷ್ ಜಗ್ಗಾಟಕ್ಕೆ ಸಿಗುತ್ತದೆ, ಅಲ್ಲಿ ಗನ್‌ಮೆಟಲ್ಲನ್ನೇ ಉಳಿಸಿ ಕೆಳಗೆ ತಗಡಿನ ತಟ್ಟೆ ಕಟ್ಟಿದ್ದೇನೆ. ಅದಕ್ಕಾಗಿ ಗ್ರ್ಯಾಫೈಟ್ 15, ಟೆಫ್ಲಾನ್ ಪುಡಿ 5 ಸೇರಿಸಿದ ಒಳಪದರದ ಬಾರ್ ಒಂದು ಸದ್ಯ ವೈಪರ್ ಮೋಟಾರಿನ ಮೇಲೆ ತಿರುಗುತ್ತಿದೆ. ಟೆಫ್ಲಾನ್‌ಗೆ ಎಪಾಕ್ಸಿ ಅಂಟುವುದಿಲ್ಲವಾದ್ದರಿಂದ ಮೊದಲು ಅದರ ಪಟ್ಟಿಗಳನ್ನು ಬಕೆಟ್‌ಗೆ ಕಟ್ಟಿ ನೋಡಬೇಕು.